ಹಿತ್ತಲಿನ ಜುಕಿನಿ ಮುಗಿಯುತ್ತಲೇ ಇಲ್ಲ, ನಮ್ಮ ಅಡಿಗೆಯಲ್ಲಿ ಏನೇನು ಮಾಡಬಹುದು?

ಮಿಶಿಗನ್ ಹಿತ್ತಲು

ಎಲ್ಲರಿಗೂ ನಮಸ್ಕಾರ. ನಾವು ಡೆಟ್ರಾಯ್ಟ್ ಹತ್ತಿರ ಇದ್ದೇವೆ. ಈ ಸಲ ಹಿತ್ತಲಲ್ಲಿ ನಾಲ್ಕು ಜುಕಿನಿ (ನೋಡಲು ಸೌತೆಯಂತಿರುವ, ಕುಂಬಳದ ಬಳಗದ ಕಾಯಿ) ಗಿಡ ಹಾಕಿದೆವು. ಜುಲೈಯಲ್ಲಿ ಕಾಯಿ ಬಿಡಲು ಶುರುವಾದದ್ದು ಇನ್ನೂ ನಿಂತಿಲ್ಲ. ಎಲೆಯಡಿ ಒಂದು ಕಾಯಿ ಕಣ್ಣಿಗೆ ಬೀಳದೆ ಉಳಿದರೆ ಮುಗಿಯಿತು, ಎರಡು ಮೂರು ದಿನ ಬಿಟ್ಟು ನೋಡುವಾಗ ಮೊಳದುದ್ದ ಆಗಿರುತ್ತದೆ. ಫ್ರಿಜ್ ತುಂಬಿದೆ, ಗರಾಜಿನಲ್ಲಿ ಒಂದು ಬುಟ್ಟಿ ಇದೆ. ಅಕ್ಕಪಕ್ಕದವರಿಗೂ ಕೊಟ್ಟಾಯಿತು, ಆದರೆ ಅವರ ಹಿತ್ತಲಲ್ಲೂ ಇದೇ ಬೆಳೆ ಅಲ್ವಾ? ಇಲ್ಲಿ ಆಗಸ್ಟ್ 8 ಅನ್ನು ಪಕ್ಕದ ಮನೆಯವರ ಬಾಗಿಲಲ್ಲಿ ಗುಟ್ಟಾಗಿ ಜುಕಿನಿ ಇಟ್ಟು ಬರುವ ದಿನ ಅಂತಲೇ ಕರೆಯುತ್ತಾರೆ, ಅಷ್ಟು ಬೆಳೆಯುತ್ತದೆ ಎಲ್ಲರಿಗೂ.

ಹುಡುಕಿದರೆ ಸಿಗುವುದೆಲ್ಲ ಬ್ರೆಡ್, ಮಫಿನ್, ಚೀಸ್ ಹಾಕಿ ಬೇಯಿಸಿದ್ದು. ಮಕ್ಕಳಿಗೆ ಬ್ರೆಡ್ ಸಾಕಾಗಿದೆ. ಅತ್ತೆ ಮಾವ ಶಿವಮೊಗ್ಗದಿಂದ ಬಂದಿದ್ದಾರೆ, ಅತ್ತೆ ಈರುಳ್ಳಿ ಬೆಳ್ಳುಳ್ಳಿ ತಿನ್ನುವುದಿಲ್ಲ, ಮಾವನವರಿಗೆ ಶುಗರ್ ಇದೆ, ಹಾಗಾಗಿ ಹಲ್ವ ಗಿಲ್ವ ಬೇಡ. ದಿನದ ಊಟ ತಿಂಡಿಗೆ ಆಗುವಂಥದ್ದು ಬೇಕು. ಪಲ್ಯ ಮಾಡಿದರೆ ಇದು ತುಂಬಾ ನೀರು ಬಿಡುತ್ತದೆ, ಅದಕ್ಕೇನು ಮಾಡುವುದು? ದೊಡ್ಡದಾಗಿ ಬಲಿತ ಕಾಯಿಗಳನ್ನು ಯಾವುದಕ್ಕೆ ಬಳಸಬಹುದು? ಚಳಿಗಾಲಕ್ಕೆ ಎತ್ತಿಡಲು ಆಗುತ್ತದಾ? ಬೆಳೆದದ್ದನ್ನು ಕಾಂಪೋಸ್ಟಿಗೆ ಹಾಕಲು ಮನಸ್ಸೇ ಬರುತ್ತಿಲ್ಲ.

ಪುತ್ತೂರಿನ ಅಡಿಗೆಮನೆ

ಕಾಂಪೋಸ್ಟಿಗೆ ಖಂಡಿತ ಹಾಕಬೇಡಿ. ಜುಕಿನಿಯನ್ನು ಹೊಸ ತರಕಾರಿ ಅಂತ ನೋಡುವುದನ್ನು ಬಿಟ್ಟರೆ ಅರ್ಧ ಕೆಲಸ ಮುಗಿಯಿತು. ಎಳೆಯದನ್ನು ಹೀರೆಕಾಯಿ ಅಂದುಕೊಳ್ಳಿ, ಬಲಿತದ್ದನ್ನು ಮಂಗಳೂರು ಸೌತೆ ಅಂದುಕೊಳ್ಳಿ. ಅವೆರಡರಲ್ಲಿ ಏನೇನು ಮಾಡುತ್ತೀರೋ ಅದೆಲ್ಲ ಇದರಲ್ಲೂ ಆಗುತ್ತದೆ.

ಇನ್ನು ನೀರಿನ ವಿಷಯ. ಈ ಕಾಯಿಯಲ್ಲಿ ನೂರಕ್ಕೆ ತೊಂಬತ್ತನಾಲ್ಕು ಪಾಲು ನೀರೇ. ಎಲ್ಲರೂ ತುರಿದು, ಉಪ್ಪು ಹಾಕಿ, ಹಿಂಡಿ ಚೆಲ್ಲಿ ಅನ್ನುತ್ತಾರೆ. ಯಾಕೆ ಚೆಲ್ಲಬೇಕು? ನಮ್ಮ ಅಡಿಗೆಯಲ್ಲಿ ಹಿಟ್ಟು ಕಲಸಲು, ಅಕ್ಕಿ ರುಬ್ಬಲು ಹೇಗೂ ನೀರು ಬೇಕು, ಆ ಜಾಗಕ್ಕೆ ಈ ನೀರೇ ಬರಲಿ. ರುಚಿಯೂ ಅದರಲ್ಲೇ ಇರುವುದು.

ನಾನು ಮೊದಲು ಹೇಳುವುದು ದೋಸೆ, ಯಾಕೆಂದರೆ ಒಂದು ದೊಡ್ಡ ಕಾಯಿ ಒಂದೇ ಹೊತ್ತಿಗೆ ಖರ್ಚಾಗುತ್ತದೆ. ಎರಡು ಕಪ್ ದೋಸೆ ಅಕ್ಕಿ ನಾಲ್ಕು ಗಂಟೆ ನೆನೆಸಿ, ನೀರು ಪೂರ್ತಿ ಬಸಿಯಿರಿ. ಬಲಿತ ಕಾಯಿಯ ಸಿಪ್ಪೆ ತೆಗೆದು, ಉದ್ದಕ್ಕೆ ಸೀಳಿ, ಚಮಚದಲ್ಲಿ ತಿರುಳು ಬೀಜ ಕೆರೆದು ತೆಗೆಯಿರಿ. ಉಳಿದ ಗಟ್ಟಿ ಭಾಗವನ್ನು ಸಣ್ಣಗೆ ಹೆಚ್ಚಿದರೆ ಎರಡರಿಂದ ಎರಡೂವರೆ ಕಪ್ ಇರಲಿ. ಮಿಕ್ಸಿಗೆ ಮೊದಲು ಹೋಳು ಹಾಕಿ ತಿರುಗಿಸಿ, ಅದು ನೀರಾದ ಮೇಲೆ ಅಕ್ಕಿ, ಒಂದು ಹಿಡಿ ತೆಂಗಿನತುರಿ, ಉಪ್ಪು. ಬೇರೆ ನೀರು ಒಂದು ಹನಿಯೂ ಬೇಕಾಗುವುದಿಲ್ಲ. ನುಣ್ಣಗೆ ರುಬ್ಬಿ ಕೂಡಲೇ ಎರೆಯಬೇಕು, ಹುಳಿ ಬರಿಸಬಾರದು. ಕಾವಲಿ ಚೆನ್ನಾಗಿ ಕಾದಿರಲಿ, ಎರೆದ ಮೇಲೆ ಉರಿ ಸಣ್ಣದು ಮಾಡಿ ಮುಚ್ಚಿ. ಮುಚ್ಚಳ ತೆಗೆದಾಗ ಮೇಲ್ಭಾಗ ಹೊಳಪು ಹೋಗಿ ಮಂಕಾಗಿರುತ್ತದೆ, ಅಂಚು ತಾನಾಗಿಯೇ ಎದ್ದಿರುತ್ತದೆ, ಆಗ ಸಟ್ಟುಗ ಹಾಕಿ. ಮೊದಲೇ ಕೆದಕಿದರೆ ಹರಿಯುತ್ತದೆ. ಮೆತ್ತಗಿನ ದೋಸೆ, ಮಕ್ಕಳಿಗೆ ಬೆಣ್ಣೆ ಜೋನಿಬೆಲ್ಲ, ದೊಡ್ಡವರಿಗೆ ಕಾಯಿಚಟ್ನಿ. ಖಾರ ಬೇಕಾದರೆ ರುಬ್ಬುವಾಗಲೇ ಎರಡು ಒಣಮೆಣಸು, ಚೂರು ಕೊತ್ತಂಬರಿ ಬೀಜ ಹಾಕಿ.

ತೆಗೆದ ಸಿಪ್ಪೆಯನ್ನು ಎಣ್ಣೆಯಲ್ಲಿ ಬಾಡಿಸಿ, ಉದ್ದಿನಬೇಳೆ, ಒಣಮೆಣಸು, ಹುಣಸೆ, ತೆಂಗಿನಕಾಯಿ ಸೇರಿಸಿ ರುಬ್ಬಿದರೆ ಹೀರೆಸಿಪ್ಪೆ ಚಟ್ನಿಯ ಹಾಗೇ ಚಟ್ನಿ. ಇಷ್ಟರಲ್ಲಿ ಬೀಜ ಬಿಟ್ಟು ಪೂರ್ತಿ ಕಾಯಿ ಮುಗಿಯಿತು.

ಊಟಕ್ಕೆ ಮೇಲಾರ ಮಾಡಿ, ಅತ್ತೆಯವರಿಗೆ ಹೇಳಿ ಮಾಡಿಸಿದ್ದು, ಈರುಳ್ಳಿ ಬೆಳ್ಳುಳ್ಳಿಯ ಗೊಡವೆಯೇ ಇಲ್ಲ. ದೊಡ್ಡ ಹೋಳು ಮಾಡಿ, ಉಪ್ಪು ಅರಿಶಿನ ಹಾಕಿ, ತಳಕ್ಕೆ ನಾಲ್ಕು ಚಮಚ ನೀರು ಚಿಮುಕಿಸಿ ಮುಚ್ಚಿಡಿ. ಕುಕ್ಕರ್ ಬೇಡ, ಕರಗಿಹೋಗುತ್ತದೆ. ತೆಂಗಿನಕಾಯಿ, ಹಸಿಮೆಣಸು ರುಬ್ಬಿ ಸೇರಿಸಿ, ಗಟ್ಟಿ ಹುಳಿಮಜ್ಜಿಗೆ ಹಾಕಿ, ಒಂದು ಕುದಿ ಬರುವಾಗಲೇ ಇಳಿಸಿ. ತೆಂಗಿನೆಣ್ಣೆಯಲ್ಲಿ ಸಾಸಿವೆ, ಒಣಮೆಣಸು, ಕರಿಬೇವಿನ ಒಗ್ಗರಣೆ. ಘಟ್ಟದ ಮೇಲಿನವರು ಕಡಲೆಬೇಳೆ, ಶುಂಠಿ, ಜೀರಿಗೆ ಹಾಕಿ ಮಜ್ಜಿಗೆಹುಳಿ ಮಾಡುತ್ತಾರಲ್ಲ, ಅದೂ ಚೆನ್ನ. ನನ್ನ ಓಟು ಮೇಲಾರಕ್ಕೆ.

ಮೆಲ್ಬರ್ನ್ ಧಾರವಾಡ

ಪುತ್ತೂರಿನವರು ದಕ್ಷಿಣದ್ದು ಹೇಳಿದರು, ನಾನು ನಮ್ಮ ಕಡೆಯದ್ದು ಹೇಳುತ್ತೇನೆ. ನಮಗೆ ಇಲ್ಲಿ ಜನವರಿ ಫೆಬ್ರವರಿಯಲ್ಲಿ ಇದೇ ಪಾಡು.

ನೀರು ಬಿಡುವ ಪಲ್ಯಕ್ಕೆ ಮದ್ದು ಅಂದರೆ ಝುಣಕ. ಕಾಯಿ ತುರಿಯಿರಿ, ಹಿಂಡಬೇಡಿ. ಎಣ್ಣೆ ಸ್ವಲ್ಪ ಧಾರಾಳವಾಗಿ ಇಟ್ಟು ಸಾಸಿವೆ, ಜೀರಿಗೆ, ಇಂಗು, ಕರಿಬೇವು, ಅರಿಶಿನ, ಖಾರಪುಡಿ. ತುರಿ ಹಾಕಿ ಉಪ್ಪು ಉದುರಿಸಿ, ಎರಡು ನಿಮಿಷಕ್ಕೆ ನೀರು ಬಿಟ್ಟುಕೊಳ್ಳುತ್ತದೆ. ಆಗ ಕಡಲೆಹಿಟ್ಟನ್ನು ಒಂದು ಕೈಯಲ್ಲಿ ಉದುರಿಸುತ್ತಾ ಇನ್ನೊಂದು ಕೈಯಲ್ಲಿ ಕೈಯಾಡಿಸಿ, ನೀರು ಕಾಣದ ಹಾಗಾಗುವಷ್ಟು ಮಾತ್ರ. ಮುಚ್ಚಿ ಸಣ್ಣ ಉರಿಯಲ್ಲಿ ಐದಾರು ನಿಮಿಷ. ಹಸಿ ಹಿಟ್ಟಿನ ವಾಸನೆ ಹೋಗಿ ತಳದಲ್ಲಿ ಅಲ್ಲಲ್ಲಿ ಕೆಂಪು ಹತ್ತಬೇಕು, ಆ ಕೆರೆದು ತೆಗೆದ ಭಾಗಕ್ಕೇ ನಮ್ಮ ಮನೆಯಲ್ಲಿ ಜಗಳ. ರೊಟ್ಟಿ ಜೊತೆ ಭಾಳ ಛಲೋ ಆಗುತ್ತದೆ. ಮಾವನವರಿಗೂ ಜೋಳದ ರೊಟ್ಟಿ, ಝುಣಕ ಒಳ್ಳೆಯ ಊಟ.

ಗೇಣಿಗಿಂತ ಚಿಕ್ಕದು, ಬೆರಳು ದಪ್ಪದ ಎಳೆಯವು ಸಿಕ್ಕರೆ ಎಣ್ಣೆಗಾಯಿ ಮಾಡದೆ ಬಿಡಬೇಡಿ. ಎರಡು ತುಂಡು ಮಾಡಿ, ತುದಿ ಬಿಡಿಸದೆ ನಾಲ್ಕಾಗಿ ಸೀಳಿ. ಹುರಿದ ಶೇಂಗಾ ಪುಡಿ, ಗುರೆಳ್ಳು ಪುಡಿ, ಒಣಕೊಬ್ಬರಿ, ಖಾರಪುಡಿ, ಹುಣಸೆ, ಚೂರು ಬೆಲ್ಲ ಕಲಸಿ ತುಂಬಿ. ಬದನೆಕಾಯಿಗೆ ಹಿಡಿಯುವ ಹೊತ್ತು ಇದಕ್ಕೆ ಬೇಡ, ಅರ್ಧ ಹೊತ್ತು ಸಾಕು. ನೀರನ್ನಂತೂ ಹಾಕಲೇಬೇಡಿ. ಅಂಗಡಿಯ ಮಸಾಲೆ ಖಾರದಲ್ಲಿ ಬೆಳ್ಳುಳ್ಳಿ ಇರುತ್ತದೆ, ಅತ್ತೆಯವರಿಗೆ ಬರೀ ಖಾರಪುಡಿ ಹಾಕಿ.

ಬರೀ ಪಲ್ಯವೇ ಬೇಕು ಅಂದರೆ ಅಗಲವಾದ ಬಾಣಲೆ, ಜೋರು ಉರಿ, ಸ್ವಲ್ಪ ದಪ್ಪನೆಯ ಹೋಳು. ಮುಚ್ಚಬೇಡಿ. ಉಪ್ಪು ಇಳಿಸುವ ಮುಂಚೆ ಹಾಕಿ. ಉಪ್ಪು ಮೊದಲೇ ಬಿದ್ದರೆ ನೀರು ಮೊದಲೇ ಬರುತ್ತದೆ, ಅಷ್ಟೇ.

ಟೊರಾಂಟೊ ಸಂಡಿಗೆ

ಚಳಿಗಾಲದ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಫ್ರೀಜ್ ಮಾಡಿ, ಅದೇ ಸುಲಭ. ದಪ್ಪ ತುರಿಯನ್ನು ಒಂದೆರಡು ನಿಮಿಷ ಹಬೆಯಲ್ಲಿಟ್ಟು, ತಣಿಸಿ, ಒಂದೊಂದು ಅಡಿಗೆಗೆ ಆಗುವಷ್ಟು ಅಳೆದು ಜಿಪ್ ಚೀಲದಲ್ಲಿ ಚಪ್ಪಟೆಯಾಗಿ ಹರಡಿ. ಗಾಳಿ ತೆಗೆದು ಪುಸ್ತಕದ ಹಾಗೆ ನಿಲ್ಲಿಸಿದರೆ ಜಾಗವೂ ಕಡಿಮೆ ಸಾಕು. ಚೀಲದ ಮೇಲೆ ಎಷ್ಟು ಕಪ್, ಯಾವ ತಿಂಗಳು ಅಂತ ಬರೆಯಿರಿ. ಹೋಳಾದರೆ ಕುದಿಯುವ ನೀರಿನಲ್ಲಿ ಮೂರು ನಿಮಿಷ, ಆಮೇಲೆ ಐಸ್ ನೀರು. ಆದರೆ ಕರಗಿದ ಮೇಲೆ ಹೋಳಿಗೆ ಬಿಗಿ ಇರುವುದಿಲ್ಲ, ಹುಳಿ ಸಾಂಬಾರಿಗೆ ಮಾತ್ರ ಸರಿ. ತುರಿಯೇ ಜಾಸ್ತಿ ಉಪಯೋಗ. ಕರಗಿದಾಗ ಬರುವ ನೀರನ್ನೂ ಸೇರಿಸಿಯೇ ಅಕ್ಕಿರೊಟ್ಟಿಗೆ ಹಾಕಿ: ತುರಿ, ಉಪ್ಪು, ಸಬ್ಬಸಿಗೆ ಸೊಪ್ಪು, ಹಸಿಮೆಣಸು, ಜೀರಿಗೆ, ತೆಂಗಿನತುರಿ ಎಲ್ಲ ಕಲಸಿ, ಅದು ಎಷ್ಟು ಅಕ್ಕಿಹಿಟ್ಟು ಹಿಡಿಯುತ್ತದೋ ಅಷ್ಟು. ಕಲಸಿ ಇಟ್ಟು ಹೋಗಬೇಡಿ, ನೀರು ಬಿಡುತ್ತಲೇ ಇರುತ್ತದೆ, ಹಿಟ್ಟು ಸಡಿಲವಾಗುತ್ತದೆ. ಕಲಸಿದ ತಕ್ಷಣ ತಟ್ಟಿ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಇಲ್ಲಿ ತುಂಬಾ ಜನ ಬಾಟಲಿಗೆ ತುಂಬಿ ಕ್ಯಾನಿಂಗ್ ಮಾಡುತ್ತಾರೆ ಅಂತ ನೀವು ಬರೀ ಜುಕಿನಿಯನ್ನು ನೀರಲ್ಲಿ ಹಾಕಿ ಸೀಲ್ ಮಾಡಬೇಡಿ. ಇದರಲ್ಲಿ ಹುಳಿ ಅಂಶ ಕಡಿಮೆ, ಗಾಳಿಯಾಡದ ಬಾಟಲಿಯಲ್ಲಿ ಬಾಟ್ಯುಲಿಸಂ ಅನ್ನುವ, ಪ್ರಾಣಕ್ಕೇ ಅಪಾಯವಾದ ಕಾಯಿಲೆ ತರುವ ವಿಷ ಹುಟ್ಟಬಹುದು. ನಮ್ಮ ಅಡಿಗೆ ಕುಕ್ಕರಿನಲ್ಲಿ ಕೂಗಿಸಿದರೂ ಅದು ಸುರಕ್ಷಿತ ಅಲ್ಲ. ಜಾರ್ಜಿಯಾ ವಿಶ್ವವಿದ್ಯಾಲಯದಲ್ಲಿರುವ ಅಮೆರಿಕದ ಮನೆ ಆಹಾರ ಸಂರಕ್ಷಣೆಯ ರಾಷ್ಟ್ರೀಯ ಕೇಂದ್ರವೇ ಇದನ್ನು ಬೇಡ ಅನ್ನುತ್ತದೆ. ಅವರ ಅಳತೆಯಂತೆಯೇ ವಿನಿಗರ್ ಹಾಕಿದ ಉಪ್ಪಿನಕಾಯಿ ಆಗಬಹುದು.

ಇನ್ನೂ ಮಿಕ್ಕಿದರೆ ಹತ್ತಿರದ ಫುಡ್ ಪ್ಯಾಂಟ್ರಿಗೆ (ಬೇಕಾದವರಿಗೆ ಉಚಿತವಾಗಿ ಆಹಾರ ಹಂಚುವ ಕಡೆ) ಕೊಡಿ. ತಾಜಾ ತರಕಾರಿ ತೆಗೆದುಕೊಳ್ಳುತ್ತಾರಾ ಅಂತ ಮೊದಲೇ ಫೋನ್ ಮಾಡಿ ಕೇಳಿ. ಕೊಡುವಾಗ ಎಳೆಯದನ್ನೇ ಕೊಡಿ. ಮೊಳದುದ್ದದ್ದು ಮನೆಗಿರಲಿ, ಅದನ್ನು ಏನು ಮಾಡಬೇಕು ಅಂತ ಈಗ ನಿಮಗೆ ಗೊತ್ತಾಯಿತಲ್ಲ.

ಬೆಂಗಳೂರು ತಾರಸಿ ತೋಟ

ಕಾಯಿಗೆ ಮುಂಚೆ ಹೂವು ನೋಡಿ! ಕಾಯಿ ಕಡಿಮೆ ಆಗಬೇಕು ಅಂದರೆ ಹೆಣ್ಣು ಹೂವನ್ನೇ ಕಿತ್ತು ತಿನ್ನಿ. ಬುಡದಲ್ಲಿ ಪುಟ್ಟ ಕಾಯಿ ಇರುವುದು ಹೆಣ್ಣು ಹೂವು, ಉದ್ದನೆಯ ಸಪೂರ ತೊಟ್ಟಿನ ಮೇಲೆ ನೆಟ್ಟಗೆ ನಿಂತಿರುವುದು ಗಂಡು. ಕುಂಬಳದ ಹೂವಿನ ಬಜ್ಜಿ ತಿಂದವರಿಗೆ ಬೇರೆ ಹೇಳಬೇಕಾಗಿಲ್ಲ. ಬೆಳಿಗ್ಗೆ ಅರಳಿರುವಾಗಲೇ ಕೀಳಬೇಕು, ಬಿಸಿಲೇರಿದರೆ ಮುಚ್ಚಿಕೊಳ್ಳುತ್ತದೆ, ಒಳಗೆ ಜೇನ್ನೊಣ ಸಿಕ್ಕಿಕೊಂಡಿರುವುದೂ ಉಂಟು. ಕೊಡವಿ ನೋಡಿ, ನಡುವಿನ ಕೇಸರ ತೆಗೆಯಿರಿ. ಕಡಲೆಹಿಟ್ಟಿಗೆ ಒಂದೆರಡು ಚಮಚ ಅಕ್ಕಿಹಿಟ್ಟು, ಓಂಕಾಳು, ಖಾರಪುಡಿ, ಉಪ್ಪು. ಹಿಟ್ಟು ತೆಳ್ಳಗಿದ್ದರೆ ಹೂವು ಗರಿಗರಿ, ದಪ್ಪವಾದರೆ ಬರೀ ಹಿಟ್ಟು ತಿಂದ ಹಾಗೆ.

ದಿನಕ್ಕೊಮ್ಮೆ ಎಲೆ ಎತ್ತಿ ನೋಡಿ, ಗೇಣುದ್ದ ಆದಾಗಲೇ ಕೊಯ್ಯಿರಿ. ಆ ಹಂತದಲ್ಲಿ ಹಸಿಯಾಗಿಯೇ ಕೋಸಂಬರಿಗೆ ಆಗುತ್ತದೆ. ಹೆಸರುಬೇಳೆ, ನಿಂಬೆಹುಳಿ, ತೆಂಗಿನತುರಿ, ಇಂಗಿನ ಒಗ್ಗರಣೆ. ಉಪ್ಪು ಮಾತ್ರ ಎಲೆಗೆ ಬಡಿಸುವ ಹೊತ್ತಿಗೆ.

ಮಿಶಿಗನ್ ಹಿತ್ತಲು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ದೋಸೆ, ಮೇಲಾರ, ಝುಣಕ ಮೂರೂ ಆಯಿತು. ದೋಸೆ ಎರೆದದ್ದು ಅತ್ತೆಯೇ, ಇದನ್ನು ಊರಿನಲ್ಲಿ ಸೌತೆಕಾಯಿ ಹಾಕಿ ಮಾಡುತ್ತಿದ್ದೆವು ಅಂತ ಅವರೇ ಮುಂದೆ ನಿಂತರು. ಮಕ್ಕಳು ಬೆಲ್ಲ ಹಾಕಿಕೊಂಡು ತಿಂದರು. ಝುಣಕದ ತಳಕ್ಕೆ ನಮ್ಮಲ್ಲೂ ಪೈಪೋಟಿ. ಸಿಪ್ಪೆ ಚಟ್ನಿ ಮಾವನವರಿಗೆ ತುಂಬಾ ಹಿಡಿಸಿದೆ. ತುರಿ ಫ್ರೀಜರಿಗೆ ಹೋಗಿದೆ.

ಇನ್ನೊಂದು ಪ್ರಶ್ನೆ. ಒಂದು ಭಾರೀ ಕಾಯಿಯನ್ನು ಗಿಡದಲ್ಲೇ ಬಲಿಯಲು ಬಿಟ್ಟು ಮುಂದಿನ ವರ್ಷಕ್ಕೆ ಬೀಜ ತೆಗೆಯೋಣ ಅಂತ ಅತ್ತೆ ಹೇಳುತ್ತಿದ್ದಾರೆ. ಮಾಡಬಹುದಾ? ಪಕ್ಕದ ಮನೆಯಲ್ಲಿ ಹ್ಯಾಲೊವೀನ್‌ಗೆ ಅಲಂಕಾರದ ಬಣ್ಣಬಣ್ಣದ ಕುಂಬಳ ಬೆಳೆದಿದ್ದಾರೆ.

ಟೊರಾಂಟೊ ಸಂಡಿಗೆ

ಪಕ್ಕದಲ್ಲಿ ಅಲಂಕಾರದ ಕುಂಬಳ ಇದ್ದರೆ ಖಂಡಿತ ಬೇಡ. ಅವುಗಳಲ್ಲಿ ಬಹಳಷ್ಟು ಜುಕಿನಿಯದೇ ಜಾತಿ, ಜೇನ್ನೊಣ ಪರಾಗ ಬೆರೆಸಿಬಿಡುತ್ತದೆ. ಈ ವರ್ಷದ ಕಾಯಿಗೆ ಅದರಿಂದ ಏನೂ ಆಗುವುದಿಲ್ಲ, ಆದರೆ ಅದರ ಬೀಜದಿಂದ ಹುಟ್ಟುವ ಗಿಡದ ಕಾಯಿ ಕಡುಕಹಿ ಆಗಬಹುದು. ಆ ಕಹಿ ಕುಕುರ್ಬಿಟಾಸಿನ್ ಅನ್ನುವ ವಿಷ, ಬೇಯಿಸಿದರೂ ಹೋಗುವುದಿಲ್ಲ. ವಾಂತಿ ಭೇದಿ ಜೋರಾಗಿ ಹಿಡಿಯುತ್ತದೆ. 2015ರಲ್ಲಿ ಜರ್ಮನಿಯ ಹೈಡನ್‌ಹೈಮ್‌ನಲ್ಲಿ ಮನೆತೋಟದ ಕಹಿ ಜುಕಿನಿ ತಿಂದು ವಯಸ್ಸಾದವರೊಬ್ಬರು ತೀರಿಕೊಂಡರು.

ಹಾಗಲಕಾಯಿ ತಿನ್ನುವ ನಮಗೆ ಕಹಿ ಅಂದರೆ ಭಯವಿಲ್ಲ, ಆರೋಗ್ಯಕ್ಕೆ ಒಳ್ಳೆಯದು ಅಂತ ನುಂಗಿಬಿಡುತ್ತೇವೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಹಾಗಲದ ಕಹಿ ಬೇರೆ, ಇದು ಬೇರೆ. ಯಾವ ಗಿಡದ್ದೇ ಆಗಲಿ, ಹೆಚ್ಚುವಾಗ ಒಂದು ಸಣ್ಣ ಚೂರು ನಾಲಿಗೆಗೆ ಮುಟ್ಟಿಸಿ ನೋಡಿ. ಕಹಿ ಇದ್ದರೆ ಉಗಿದು ಪೂರ್ತಿ ಕಾಯಿ ಎಸೆಯಿರಿ. ಸೋರೆಕಾಯಿಗೂ ಇದೇ ನಿಯಮ, ಅತ್ತೆಯವರಿಗೆ ಗೊತ್ತಿರುತ್ತದೆ.

ಬೀಜಕ್ಕೆ ಹೊಸ ಪ್ಯಾಕೆಟ್ ತನ್ನಿ. ಮುಂದಿನ ಸಲ ಎರಡೇ ಗಿಡ ಹಾಕಿ, ನಿಮ್ಮ ಮನೆಗೆ ಅಷ್ಟು ಧಾರಾಳ. ಉಳಿದ ಜಾಗಕ್ಕೆ ಹೀರೆ ಹಬ್ಬಿಸಿ.