‘ಹಲ್ಕಟ್’ ಅನ್ನೋ ಪದ ಎಲ್ಲಿಂದ ಬಂತು?

ಮಂಡಿಪೇಟೆ ಮೊಮ್ಮಗ:
ದಾವಣಗೆರೆ ಮಂಡಿಪೇಟೇಲಿ ನಮ್ಮಜ್ಜಂದು ಬೆಲ್ಲದ ಅಂಗಡಿ ಇತ್ತು. ನಾನು ಏಳನೇ ಕ್ಲಾಸಲ್ಲಿದ್ದಾಗ ಒಬ್ಬ ಅಜ್ಜಿಗೆ ಬೆಲ್ಲ ತೂಗ್ತಾ ತಕ್ಕಡಿ ತಟ್ಟೆನ ಕಿರುಬೆರಳಲ್ಲಿ ಒತ್ತಿದೆ. ಅಜ್ಜ ನೋಡಿಬಿಟ್ರು. ಹೊಡೀಲಿಲ್ಲ. “ಹಲ್ಕಟ್ ಕೆಲಸ ಮಾಡ್ಬ್ಯಾಡ” ಅಂದು, ಆಯಮ್ಮಗೆ ನನ್ನ ಕೈಯಿಂದ್ಲೇ ಇನ್ನೊಂದು ಅಚ್ಚು ಬೆಲ್ಲ ಕೊಡಿಸಿದ್ರು. ಅಜ್ಜನ ಬಾಯಲ್ಲಿ ನಾನು ಕೇಳಿದ ಅತಿ ಕೆಟ್ಟ ಮಾತು ಅದೇ.

ಈಗ ಮಗ ಅರ್ಥ ಕೇಳ್ತಾನೆ. ‘ನೀಚ’ ಅಂದ್ರೆ ಜಾಸ್ತಿ ಆಗುತ್ತೆ, ‘ತುಂಟ’ ಅಂದ್ರೆ ಸಾಲಲ್ಲ. ‘ಹಲ್ಲು ಕಟ್ಟು’ ಅನ್ನೋದರಿಂದ ಬಂದಿದ್ದು ಅಂತಾರೆ ಗೆಳೆಯರೊಬ್ಬರು. ನನಗೆ ನಂಬಿಕೆ ಬರ್ತಿಲ್ಲ. ತಿಳಿದವರು ಹೇಳಿ.

ಮನೆಮಾತು ಮರಾಠಿ:
ಹಲ್ಲಿಗೂ ಇದಕ್ಕೂ ಸಂಬಂಧ ಇಲ್ಲ ಅಣ್ಣಾರೆ. ಇದು ನಮ್ಮ ಮರಾಠಿ ‘ಹಲಕಟ್’. ‘ಹಲಕಾ’ ಅಂದ್ರೆ ಹಗುರ, ಕಳಪೆ ಮಾಲಿಗೂ ಅದೇ ಮಾತು. ಕೊನೆಯ ‘ಕಟ್’ ಬರೀ ಪ್ರತ್ಯಯ. ಎಣ್ಣೆ ಜಿಡ್ಡಿದ್ರೆ ‘ತೇಲಕಟ್’, ಕೊಳೆ ಹಿಡಿದ ಬಟ್ಟೆ ‘ಮಳಕಟ್’, ದೊಡ್ಡವರು ಹುಡುಗರ ಹಂಗೆ ಆಡಿದ್ರೆ ‘ಪೋರಕಟ್’. ನಮ್ಮಮ್ಮನ ಬಾಯಲ್ಲಿ ದಿನಾ ಈ ಮೂರೂ ಬರ್ತಾವೆ. ಮರಾಠಿ ಈ ಸೀಮೆಗೆ ಹೊಸದಲ್ಲ. ಶಿವಾಜಿ ತಂದೆ ಶಹಾಜಿ 1664ರಲ್ಲಿ ತೀರಿಕೊಂಡಿದ್ದು ಇಲ್ಲೇ ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿ, ಸಮಾಧಿನೂ ಅಲ್ಲೇ ಇದೆ.

ನಿವೃತ್ತ ಕನ್ನಡ ಮೇಷ್ಟ್ರು:
ಸರಿಯಾಗಿ ಹೇಳಿದೆ ತಾಯಿ. ಇನ್ನೂ ಹಿಂದಕ್ಕೆ ಹೋದರೆ ಸಂಸ್ಕೃತದ ‘ಲಘು’ ಸಿಗುತ್ತೆ. ಪ್ರಾಕೃತದಲ್ಲಿ ಅದು ‘ಲಹು’ ಆಯಿತು, ಅಕ್ಷರ ಅದಲುಬದಲಾಗಿ ‘ಹಲು’ ಆಯಿತು, ಅಲ್ಲಿಂದ ‘ಹಲಕಾ’. ಪ್ರಸ್ತಾರ ಹಾಕುವಾಗ ಬರೆಯುತ್ತಿದ್ದೆವಲ್ಲ, ಅದೇ ಲಘು. ಅದರ ಜೋಡಿ ‘ಗುರು’ ಅಂದರೆ ಭಾರ. ‘ಗೌರವ’ ಹುಟ್ಟಿದ್ದು ಆ ಗುರುವಿನಿಂದ! ನಲವತ್ತು ವರ್ಷ ಪಾಠ ಮಾಡಿದರೂ ಇದನ್ನು ಹೇಳುವಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತೆ. ಕನ್ನಡದ ದಾರಿಯೂ ಇದೇ: ಹಿರಿಯರ ಬಗ್ಗೆ ‘ಹಗುರವಾಗಿ’ ಮಾತಾಡಬೇಡ ಅಂತೀವಿ, ‘ತೂಕದ ಮನುಷ್ಯ’ ಅಂತೀವಿ. ಮಗನಿಗೆ ‘ತೂಕ ಕಳೆಯೋ ಕೆಲಸ’ ಅಂತ ಹೇಳಿ, ಸಾಕು. ಆದರೆ ಮೂಲದಲ್ಲಿ ಹಗುರ ಅಂತ ಬೈಗುಳ ಹಗುರ ಅಂದುಕೊಳ್ಳೋದು ಬೇಡ. ‘ಹಲ್ಕಟ್ ಕೆಲಸ’ ಅನ್ನಬಹುದು, ಮನುಷ್ಯನನ್ನೇ ‘ಹಲ್ಕಟ್’ ಅಂದರೆ ಜಗಳ ಖಂಡಿತ. ನಿಮ್ಮಜ್ಜ ಕೆಲಸಕ್ಕೆ ಅಂದರು, ನಿಮಗೆ ಅನ್ನಲಿಲ್ಲ.

ಮಂಡಿಪೇಟೆ ಮೊಮ್ಮಗ:
ಇಷ್ಟು ವರ್ಷ ಅದನ್ನ ಗಮನಿಸೇ ಇರಲಿಲ್ಲ ಮೇಷ್ಟ್ರೆ. ಅಂಗಡಿ ಈಗಿಲ್ಲ, ತಕ್ಕಡಿ ಮಾತ್ರ ಅಟ್ಟದ ಮೇಲಿದೆ. ಭಾನುವಾರ ಇಳಿಸ್ತೀನಿ. ಬೆಲ್ಲದ ಕತೆ ಮಗನಿಗೆ ಇನ್ನೂ ಹೇಳಿಲ್ಲ.