ಮದುವೆಯಾದರೆ ಪೌರತ್ವ ತಾನಾಗಿಯೇ ಬರುತ್ತದೆಯೇ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಉದ್ಯೋಗದ ವೀಸಾದ ಮೇಲೆ ಐದು ವರ್ಷಗಳಿಂದ ಹೊರದೇಶದಲ್ಲಿದ್ದು, ಅಲ್ಲಿಯ ಪ್ರಜೆಯೊಬ್ಬರನ್ನು ಮದುವೆಯಾಗಲಿದ್ದೇನೆ. ಮದುವೆಯಿಂದಲೇ ಪೌರತ್ವ ಸಿಗುತ್ತದೆಯೇ? ಈವರೆಗೆ ಕಳೆದ ವರ್ಷಗಳು ಲೆಕ್ಕಕ್ಕೆ ಬರುತ್ತವೆಯೇ?

ಉತ್ತರ (ವಲಸೆ ಕಾನೂನು ವಕೀಲೆ): ನಮಸ್ಕಾರ. ಮದುವೆ ಸಾಮಾನ್ಯವಾಗಿ ಪೌರತ್ವವನ್ನು ಕೊಡುವುದಿಲ್ಲ. ಕೆಲವು ದೇಶಗಳಲ್ಲಿ ಕಾಯುವ ಅವಧಿಯನ್ನು ಮಾತ್ರ ಕಡಿಮೆ ಮಾಡುತ್ತದೆ. ಅಮೆರಿಕದಲ್ಲಿ ಗ್ರೀನ್ ಕಾರ್ಡ್ (ಕಾಯಂ ವಾಸದ ಪರವಾನಗಿ) ಪಡೆದವರು ಐದು ವರ್ಷ ಕಾಯಬೇಕಾದರೆ, ಅಲ್ಲಿಯ ಪ್ರಜೆಯಾದ ಸಂಗಾತಿಯೊಂದಿಗೆ ಬಾಳುತ್ತಿರುವವರಿಗೆ ಮೂರು ವರ್ಷ ಸಾಕು. ಕೆನಡಾದಲ್ಲಿ ಈ ರಿಯಾಯಿತಿಯೂ ಇಲ್ಲ.

ನಿಮ್ಮ ಎರಡನೆಯ ಪ್ರಶ್ನೆಯೇ ಹೆಚ್ಚು ಮುಖ್ಯವಾದದ್ದು, ಏಕೆಂದರೆ ಬಹಳಷ್ಟು ಜನ ಎಡವುವುದು ಇಲ್ಲಿಯೇ. ಅಮೆರಿಕದಲ್ಲಿ ಅವಧಿಯ ಎಣಿಕೆ ಗ್ರೀನ್ ಕಾರ್ಡ್ ಸಿಕ್ಕ ದಿನದಿಂದ ಆರಂಭವಾಗುವುದರಿಂದ, ಅದಕ್ಕೂ ಮೊದಲು ಉದ್ಯೋಗದ ವೀಸಾದಲ್ಲಿ ಕಳೆದ ಕಾಲ ಲೆಕ್ಕಕ್ಕಿಲ್ಲ. ಕೆನಡಾದಲ್ಲಿ ಅರ್ಜಿಗೆ ಹಿಂದಿನ ಐದು ವರ್ಷಗಳಲ್ಲಿ 1,095 ದಿನ ದೇಶದೊಳಗೆ ಇದ್ದಿರಬೇಕು. ಕಾಯಂ ನಿವಾಸಿಯಾಗುವ ಮೊದಲಿನ ಪ್ರತಿಯೊಂದು ದಿನಕ್ಕೂ ಅರ್ಧ ದಿನದಂತೆ, ಹೆಚ್ಚೆಂದರೆ 365 ದಿನಗಳನ್ನು ಸೇರಿಸಿಕೊಳ್ಳಬಹುದು. ಆದ್ದರಿಂದ ಗಡಿ ದಾಟಿದ ಮತ್ತು ಮರಳಿದ ದಿನಾಂಕಗಳನ್ನು ಇಂದಿನಿಂದಲೇ ಬರೆದಿಟ್ಟುಕೊಳ್ಳಿ, ಹಳೆಯ ಪಾಸ್‌ಪೋರ್ಟ್‌ಗಳನ್ನು ಎಸೆಯಬೇಡಿ.

ಪ್ರಶ್ನೆ: ವಂಶದ ಮೂಲಕ ಅಥವಾ ಹಣ ಹೂಡಿ ಪೌರತ್ವ ಪಡೆಯುವ ದಾರಿಗಳು ಸುಲಭವಲ್ಲವೇ, ಮೇಡಂ?

ಉತ್ತರ: ಆ ದಾರಿಗಳು ಇವೆ, ಆದರೆ ಕಿರಿದಾಗುತ್ತಿವೆ. ಇಟಲಿ 2025ರಲ್ಲಿ ವಂಶದ ಹಕ್ಕನ್ನು ಬಹುಮಟ್ಟಿಗೆ ತಂದೆತಾಯಿ, ಅಜ್ಜಅಜ್ಜಿಯರ ತಲೆಮಾರಿಗೆ ಸೀಮಿತಗೊಳಿಸಿತು. ಹಣಕ್ಕೆ ಪೌರತ್ವ ನೀಡುತ್ತಿದ್ದ ಮಾಲ್ಟಾದ ಯೋಜನೆ ಕಾನೂನುಬಾಹಿರವೆಂದು ಐರೋಪ್ಯ ಒಕ್ಕೂಟದ ನ್ಯಾಯಾಲಯವು ಅದೇ ವರ್ಷದ ಏಪ್ರಿಲ್‌ನಲ್ಲಿ ತೀರ್ಪಿತ್ತಿತು. ಹಿರಿಯರ ಜನನ ಪ್ರಮಾಣಪತ್ರ ಕೈಯಲ್ಲಿದ್ದರೆ ವಿಚಾರಿಸಿ ನೋಡಿ. ಏಜೆಂಟರ ಭರವಸೆಯನ್ನಷ್ಟೇ ನಂಬಿ ಹಣ ಕಟ್ಟಬೇಡಿ.

ಪ್ರಶ್ನೆ: ಅರ್ಜಿ ಹಾಕುವ ಮೊದಲೇ ಹಳೆಯ ಪೌರತ್ವವನ್ನು ಬಿಟ್ಟುಕೊಡಬೇಕೇ?

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಅರ್ಜಿ ತಿರಸ್ಕೃತವಾದರೆ ನೀವು ಯಾವ ದೇಶದ ಪ್ರಜೆಯೂ ಅಲ್ಲದಂತಾಗಿ, ಪಾಸ್‌ಪೋರ್ಟ್ ಕೂಡ ಸಿಗದ ಸ್ಥಿತಿಗೆ ಬರುತ್ತೀರಿ. ಜರ್ಮನಿ 2024ರ ಜೂನ್ 27ರಿಂದ ಹಳೆಯ ಪೌರತ್ವವನ್ನು ಉಳಿಸಿಕೊಳ್ಳಲು ಬಿಡುತ್ತಿದೆ. ಜಪಾನ್ ಸಾಮಾನ್ಯವಾಗಿ ಬಿಡುವುದಿಲ್ಲ. ಹೊಸ ದೇಶ ಒಪ್ಪಿದರೂ, ಬೇರೆ ಪೌರತ್ವ ಪಡೆದ ಕ್ಷಣವೇ ತನ್ನದನ್ನು ರದ್ದುಪಡಿಸುವ ಕಾನೂನು ನಿಮ್ಮ ಮೂಲ ದೇಶದಲ್ಲಿ ಇರಬಹುದು. ಹಾಗಾಗಿ ಎರಡೂ ಕಡೆಯ ಕಾನೂನನ್ನು ಓದಿಸಿಕೊಂಡು, ತ್ಯಜಿಸಲೇಬೇಕೆಂದಿದ್ದಲ್ಲಿ ಹೊಸ ದೇಶದ ಲಿಖಿತ ಭರವಸೆ ಕೈಗೆ ಬಂದ ಮೇಲೆಯೇ ತ್ಯಾಗಪತ್ರಕ್ಕೆ ಸಹಿ ಹಾಕಿ.