ಹೈಡ್ರಾಲಿಕ್ ಸೌದೆ ಯಂತ್ರ ಅರ್ಧ ಗಂಟೆಗೆ ಸೋತುಹೋಗ್ತದೆ, ಏನಾಗಿರಬಹುದು?

ತೋಟದಮನೆ:
ಸಾಗರದ ಹತ್ತಿರ ನಮ್ಮನೆ. ಅಡಿಕೆ ಬೇಯಿಸಲಿಕ್ಕೆ, ಬಚ್ಚಲ ಹಂಡೆಗೆ ಅಂತ ವರ್ಷಾ ಎರಡು ಲೋಡ್ ಅಕೇಶಿಯಾ ಕುಂಟೆ ಒಡೆಸಬೇಕು. ಕೊಡಲಿ ಹಿಡಿಯುವವರು ಸಿಗದೆ ಹೋದ ವರ್ಷ ಯಂತ್ರ ತಂದೆ. 3 ಎಚ್‌ಪಿ ಸಿಂಗಲ್ ಫೇಸ್ ಮೋಟರ್, 80 ಮಿ.ಮೀ. ಸಿಲಿಂಡರ್, 10 ಟನ್ ಅಂದಿದ್ದರು. ಬೆಳಿಗ್ಗೆ ಸಲೀಸಾಗಿ ಸೀಳ್ತದೆ. ಅರ್ಧ ಗಂಟೆ ಕಳೆದರೆ ಗಂಟು ಸಿಕ್ಕಲ್ಲೇ ನಿಂತುಬಿಡ್ತದೆ. ಮಳೆ ಹಿಡಿಯುವ ಮೊದಲು ಕೊಟ್ಟಿಗೆ ತುಂಬಬೇಕು. ರಿಲೀಫ್ ವಾಲ್ವಿನ (ಒತ್ತಡ ಮಿತಿ ಮೀರದಂತೆ ಎಣ್ಣೆ ವಾಪಸ್ ಬಿಡುವ ವಾಲ್ವು) ತಿರುಪು ಬಿಗಿ ಮಾಡಲಾ?

ವೆಲ್ಡಿಂಗ್‌ಶೆಡ್:
ದಯವಿಟ್ಟು ತಿರುಪು ಮುಟ್ಟಬೇಡಿ. ಒತ್ತಡ ಮಿತಿ ಮೀರಿದರೆ ಹೋಸ್ ಒಡೆಯುವುದು ಮೊದಲು, ಕುಂಟೆ ಆಮೇಲೆ. ನಿಂತಾಗ ಮೋಟರ್ ಸದ್ದು ಹೇಗಿರ್ತದೆ? ಗುಂಯ್ ಅಂತ ಕುಗ್ಗಿದರೆ ವೋಲ್ಟೇಜ್ ಅಥವಾ ಕೆಪಾಸಿಟರ್ ತೊಂದರೆ. ಸದ್ದು ಬದಲಾಗದೆ ದಿಂಡು (ಸಿಲಿಂಡರಿನಿಂದ ಹೊರಗೆ ಬರುವ ರಾಡ್) ಮಾತ್ರ ನಿಂತರೆ ಎಣ್ಣೆ ಒಳಗೇ ಎಲ್ಲೋ ತಪ್ಪಿಸಿಕೊಳ್ತಿದೆ.

ತೋಟದಮನೆ:
ಸದ್ದು ಹಾಗೇ ಇರ್ತದೆ. ಟ್ಯಾಂಕ್ ಮಾತ್ರ ಕೈ ಇಡಲಾಗದಷ್ಟು ಬಿಸಿ. ಎಣ್ಣೆಯಲ್ಲಿ ನೊರೆ ಇಲ್ಲ, ಮಟ್ಟ ಸರಿ ಇದೆ.

ವೆಲ್ಡಿಂಗ್‌ಶೆಡ್:
ನೊರೆ ಇಲ್ಲ ಅಂದರೆ ಗಾಳಿ ಎಳೀತಿಲ್ಲ. ಎಣ್ಣೆ ಕಾದು ತೆಳುವಾದ ಮೇಲೆ ಸೋರುವುದು ಹೆಚ್ಚು ಪಿಸ್ಟನ್ ಸೀಲಿನಲ್ಲಿ (ಸಿಲಿಂಡರ್ ಒಳಗೆ ಎಣ್ಣೆ ಆಚೆ ದಾಟದಂತೆ ತಡೆಯುವ ಬಳೆ), ಇಲ್ಲವೇ ಸವೆದ ಪಂಪಿನಲ್ಲಿ. ಹೀಗೆ ನೋಡಿ: ದಿಂಡನ್ನು ಪೂರ್ತಿ ಮುಂದೆ ಕಳಿಸಿ ಮೋಟರ್ ಆಫ್ ಮಾಡಿ. ಲಿವರ್ ಹಿಂದೆ ಮುಂದೆ ಆಡಿಸಿ ಒತ್ತಡ ಬಿಡಿ. ದಿಂಡಿನ ಕಡೆಯ ಹೋಸ್ ಬಿಚ್ಚಿ, ಹೋಸಿನ ಬಾಯಿಗೆ ಪ್ಲಗ್ ಹಾಕಿ. ದೂರ ನಿಂತು ಮೋಟರ್ ಹಾಕಿ, ಲಿವರನ್ನು ಮುಂದಕ್ಕೇ ಒತ್ತಿ. ಹಿಂದಕ್ಕೆ ಅಪ್ಪಿತಪ್ಪಿಯೂ ಎಳೆಯಬೇಡಿ. ಬಿಚ್ಚಿದ ತೂತಿನಿಂದ ಎಣ್ಣೆ ಬರ್ತಾನೇ ಇದ್ದರೆ ಪಿಸ್ಟನ್ ಸೀಲ್ ಹೋಗಿದೆ. ಎಣ್ಣೆ ಬಿಸಿ ಇದ್ದಾಗಲೇ ಮಾಡಿ, ತಣ್ಣಗಿದ್ದಾಗ ದೋಷ ಅಡಗಿಬಿಡ್ತದೆ. ಹೊರಗೆ ಸೋರಿಕೆ ಹುಡುಕುವಾಗ ಹೋಸಿನ ಮೇಲೆ ಕೈ ಆಡಿಸಬೇಡಿ, ರಟ್ಟು ಹಿಡಿಯಿರಿ. ಸೂಜಿಯಷ್ಟು ಸಣ್ಣ ಎಣ್ಣೆಯ ಎಳೆ ಚರ್ಮ ತೂರಿ ಒಳಗೆ ಹೋಗ್ತದೆ. ಹೋದರೆ ನೋವಿಲ್ಲದಿದ್ದರೂ ತಕ್ಷಣ ಆಸ್ಪತ್ರೆಗೆ ಓಡಬೇಕು.

ಇನ್ನೊಂದು, ಎಣ್ಣೆಯ ಒತ್ತಡ ತೋರಿಸುವ ಒಂದು ಗೇಜ್ ಹಾಕಿಸಿಕೊಳ್ಳಿ. 80 ಮಿ.ಮೀ. ಸಿಲಿಂಡರ್ 10 ಟನ್ ಒತ್ತಬೇಕಾದರೆ 200 ಬಾರ್ ಬೇಕು. 120 ಬಾರ್ ಆದರೆ ಬರೀ 6 ಟನ್.

ಕುಂಟೆಕೊಡಲಿ:
ಯಂತ್ರದ್ದು ಅವರು ಹೇಳಿದರು, ಮರದ್ದು ನಾನು ಹೇಳ್ತೇನೆ. ಅಕೇಶಿಯಾ ಕಡಿದ ತಕ್ಷಣ, ಹಸಿ ಇರುವಾಗಲೇ ಸೀಳಿ. ಒಣಗಿದ ಮೇಲೆ ಗಂಟು ಕಬ್ಬಿಣ. ದಪ್ಪ ಕುಂಟೆಯ ನಡುವಿಗೆ ಬೆಣೆ ಕೊಡಬೇಡಿ, ಅಂಚಿನಿಂದ ಹೋಳು ತೆಗೆಯುತ್ತ ಬನ್ನಿ. ಗಂಟಿರುವ ತುದಿ ಬೆಣೆಯಿಂದ ದೂರ ಇರಲಿ.

ತೋಟದಮನೆ:
ತಿರುಗುವ ಸ್ಕ್ರೂ ಯಂತ್ರ ಇದಕ್ಕಿಂತ ಬೇಗ ಅಂತಾರಲ್ಲ?

ಕುಂಟೆಕೊಡಲಿ:
ಬೇಗ, ನಿಜ. ಆದರೆ ಗಂಟಿಗೆ ಕಚ್ಚಿಕೊಂಡರೆ ಕುಂಟೆಯೇ ಗಿರಗಿರ ತಿರುಗ್ತದೆ. ಪಂಚೆ, ಟವೆಲ್, ಕೈಗವಸು ಏನು ಸಿಕ್ಕರೂ ಎಳೆದುಕೊಳ್ತದೆ. ನಮ್ಮ ಪಕ್ಕದ ತೋಟದಲ್ಲಿ ಒಬ್ಬರ ಮಣಿಕಟ್ಟು ಮುರಿದದ್ದು ನೋಡಿದ ಮೇಲೆ ನಾನು ಅದನ್ನು ಯಾರಿಗೂ ಹೇಳುವುದಿಲ್ಲ.

ತೋಟದಮನೆ:
ನಿನ್ನೆ ನೋಡಿದೆ. ತೂತಿನಿಂದ ಎಣ್ಣೆ ಸಣ್ಣ ಧಾರೆಯಾಗಿ ಬಂತು. ಸಿಲಿಂಡರ್ ಬಿಚ್ಚಿಸಿದರೆ ಪಿಸ್ಟನ್ ಸೀಲಿನ ಒಂದು ಮಗ್ಗುಲು ಉಗುರಿನಷ್ಟು ಹರಿದಿತ್ತು, ಕಬ್ಬಿಣದ ಚೂರೊಂದು ಅಲ್ಲೇ ಕಚ್ಚಿಕೊಂಡಿತ್ತು. ಹೊಸ ಸೀಲ್ ಹಾಕಿಸಿ, ಟ್ಯಾಂಕ್ ತೊಳೆದು, ಫಿಲ್ಟರ್ ಬದಲಿಸಿ, 68 ನಂಬರಿನ ಹೈಡ್ರಾಲಿಕ್ ಎಣ್ಣೆ ತುಂಬಿಸಿದೆ. ಇವತ್ತು ಎರಡು ಗಂಟೆ ಓಡಿದರೂ ನಿಲ್ಲಲಿಲ್ಲ. ಗೇಜ್ 150 ಬಾರ್ ತೋರಿಸ್ತಿದೆ, ಅಂದರೆ ಏಳೂವರೆ ಟನ್. ನಮ್ಮ ಕುಂಟೆಗೆ ಅಷ್ಟು ಸಾಕು.